ಹರ್ಮೀಸ್ ರಿಲೇಯರ್: ಪ್ಯಾಕೆಟ್‌ಗಳು ನಡುದಾರಿಯಲ್ಲೇ ಟೈಮೌಟ್ ಆಗುತ್ತಿವೆ, ಜೊತೆಗೆ ಸೀಕ್ವೆನ್ಸ್ ಮಿಸ್‌ಮ್ಯಾಚ್

ಸರಪಳಿ_ಕೊಂಡಿ (ಪ್ರಶ್ನೆ)

ಕಾಸ್ಮೋಸ್ ಎಸ್‌ಡಿಕೆ (ಬ್ಲಾಕ್‌ಚೈನ್ ಕಟ್ಟುವ ಸಾಫ್ಟ್‌ವೇರ್ ಕಿಟ್) ಮೇಲೆ ಕಟ್ಟಿದ ನಮ್ಮ ಪುಟ್ಟ ಬ್ಲಾಕ್‌ಚೈನ್ ಒಂದಿದೆ, ಸದ್ಯ ಟೆಸ್ಟ್‌ನೆಟ್ ಮಾತ್ರ. ಅದಕ್ಕೂ ಆಸ್ಮೋಸಿಸ್ ಟೆಸ್ಟ್‌ನೆಟ್‌ಗೂ ನಡುವೆ ಐಬಿಸಿ (ಚೈನ್‌ಗಳು ಪರಸ್ಪರ ಮಾತಾಡುವ ಪ್ರೋಟೋಕಾಲ್) ಟ್ರಾನ್ಸ್‌ಫರ್ ಚಾನೆಲ್ ತೆರೆದು ಹರ್ಮೀಸ್ ಓಡಿಸುತ್ತಿದ್ದೇವೆ, ಅಂದರೆ ಒಂದು ಚೈನ್‌ನ ಪ್ಯಾಕೆಟ್‌ಗಳನ್ನು ಇನ್ನೊಂದಕ್ಕೆ ಹೊತ್ತೊಯ್ಯುವ ರಿಲೇಯರ್. ವಿವರ ಹೀಗಿದೆ:

ನಮ್ಮ ಚೈನ್‌ಗೆ ಸ್ವಂತ ಫುಲ್ ನೋಡ್. ಕಳೆದ ವಾರ ಸ್ಟೇಟ್ ಸಿಂಕ್‌ನಿಂದ (ಹಳೆಯ ಬ್ಲಾಕ್ ಓಡಿಸದೆ ಇತ್ತೀಚಿನ ಸ್ನ್ಯಾಪ್‌ಶಾಟ್‌ನಿಂದ) ಹೊಸದಾಗಿ ಎಬ್ಬಿಸಿದ್ದು, ಡಿಸ್ಕ್ ಉಳಿಸಲು ಟ್ರಾನ್ಸಾಕ್ಷನ್ ಹುಡುಕಾಟದ ಇಂಡೆಕ್ಸರ್ 'ನಲ್' (ಆಫ್) ಇಟ್ಟಿದ್ದೇವೆ. ಬ್ಲಾಕ್ ಸಮಯ ಸುಮಾರು 6 ಸೆಕೆಂಡ್, ಅನ್‌ಬಾಂಡಿಂಗ್ (ಸ್ಟೇಕ್ ಬಿಡಿಸಿಕೊಳ್ಳಲು ಕಾಯುವ ಅವಧಿ) 3 ದಿನ. ಆಸ್ಮೋಸಿಸ್ ಕಡೆಗೆ ಒಂದು ಸಾರ್ವಜನಿಕ ಆರ್‌ಪಿಸಿ (ನೋಡ್ ಅನ್ನು ಪ್ರಶ್ನಿಸುವ ವಿಳಾಸ), ವೆಬ್‌ಸಾಕೆಟ್ ಪುಶ್ ಮೋಡ್, ಅಂದರೆ ನೋಡೇ ಈವೆಂಟ್ ತಳ್ಳುತ್ತದೆ. ಕ್ಲಿಯರ್ ಇಂಟರ್ವಲ್ (ಎಷ್ಟು ಬ್ಲಾಕ್‌ಗೊಮ್ಮೆ ಬಾಕಿ ಪ್ಯಾಕೆಟ್ ಗುಡಿಸಬೇಕು) 500, ಗ್ಯಾಸ್ ಮಲ್ಟಿಪ್ಲೈಯರ್ (ಅಂದಾಜಿಸಿದ ಗ್ಯಾಸ್‌ಗೆ ಗುಣಕ) 1.1. ಒಂದು ಬಿದ್ದರೆ ಇನ್ನೊಂದು ಇರಲಿ ಎಂದು ಬೇರೆ ಸರ್ವರ್‌ನಲ್ಲೂ ಅದೇ ಕಾನ್ಫಿಗ್, ಅದೇ ಮ್ನೆಮಾನಿಕ್ (ಖಾತೆಯ ಕೀ ಹುಟ್ಟಿಸುವ ಪದಗಳ ಸಾಲು) ಹಾಕಿ ಎರಡನೇ ಹರ್ಮೀಸ್ ಓಡುತ್ತಿದೆ.

ಆಗುತ್ತಿರುವುದು:

1. ಕೆಲವು ಟ್ರಾನ್ಸ್‌ಫರ್‌ಗಳು ಹೋಗುವುದೇ ಇಲ್ಲ, 10 ನಿಮಿಷ ಕಳೆದು ಟೈಮೌಟ್ ಆಗುತ್ತವೆ.
2. ಲಾಗ್‌ನಲ್ಲಿ 'ಅಕೌಂಟ್ ಸೀಕ್ವೆನ್ಸ್ ಮಿಸ್‌ಮ್ಯಾಚ್' (ಖಾತೆಯ ಟ್ರಾನ್ಸಾಕ್ಷನ್ ಕ್ರಮಸಂಖ್ಯೆ ತಾಳೆಯಾಗಿಲ್ಲ), ಆಗಾಗ 'ಪ್ಯಾಕೆಟ್ ಮೆಸೇಜಸ್ ಆರ್ ರಿಡಂಡಂಟ್'.
3. ಪೆಂಡಿಂಗ್ ಕ್ವೆರಿ 37 ಪ್ಯಾಕೆಟ್ ಬಾಕಿ ಎನ್ನುತ್ತದೆ. ಕ್ಲಿಯರ್ ಕಮಾಂಡ್ ಕೊಟ್ಟರೆ ಏನೂ ಆಗದೆ ಮುಗಿಯುತ್ತದೆ.
4. ವಾರಾಂತ್ಯಕ್ಕೆ ಸರ್ವರ್‌ಗಳನ್ನು ನಿಲ್ಲಿಸಿದರೆ ತೊಂದರೆ ಇದೆಯೇ? ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ.

ಹೆಲ್ತ್ ಚೆಕ್, ಕಾನ್ಫಿಗ್ ವ್ಯಾಲಿಡೇಟ್ ಎರಡೂ ಸರಿ ಎನ್ನುತ್ತವೆ.

---

ನೋಡ್‌ಕಾವಲು

ಮೂರನೆಯದರಿಂದ ಶುರು ಮಾಡುತ್ತೇನೆ, ಉಳಿದವಕ್ಕೆ ಸುಳಿವು ಅಲ್ಲೇ ಇದೆ.

ಐಬಿಸಿಯಲ್ಲಿ ಪ್ಯಾಕೆಟ್ ಕಳಿಸಿದಾಗ ಚೈನ್‌ನ ಸ್ಟೇಟ್‌ನಲ್ಲಿ ಉಳಿಯುವುದು ಪ್ಯಾಕೆಟ್ ಅಲ್ಲ, ಅದರ ಹ್ಯಾಶ್ ಮಾತ್ರ. ಅದನ್ನು ಕಮಿಟ್‌ಮೆಂಟ್ ಎನ್ನುತ್ತಾರೆ. ಯಾರಿಗೆ, ಎಷ್ಟು, ಯಾವ ಮೆಮೊ ಎಂಬ ಅಸಲಿ ವಿಷಯ ಟ್ರಾನ್ಸಾಕ್ಷನ್ ಹೊರಡಿಸಿದ ಈವೆಂಟ್‌ನಲ್ಲಿರುತ್ತದೆ. ಪೆಂಡಿಂಗ್ ಕ್ವೆರಿ ಕಮಿಟ್‌ಮೆಂಟ್‌ಗಳ ಸೀಕ್ವೆನ್ಸ್ ಸಂಖ್ಯೆಗಳನ್ನಷ್ಟೇ ನೋಡುವುದರಿಂದ ಅದಕ್ಕೆ 37 ಕಾಣುತ್ತದೆ. ಕ್ಲಿಯರ್ ಮಾಡಬೇಕಾದರೆ ಪ್ಯಾಕೆಟ್‌ನ ಪೂರ್ತಿ ವಿಷಯ ಬೇಕು, ಅದನ್ನು ಹರ್ಮೀಸ್ ನೋಡ್‌ನ ಟ್ರಾನ್ಸಾಕ್ಷನ್ ಸರ್ಚ್‌ನಲ್ಲಿ ಹುಡುಕುತ್ತದೆ. ನಿಮ್ಮ ಇಂಡೆಕ್ಸರ್ 'ನಲ್'. ಹುಡುಕಿದರೆ ಖಾಲಿ ಕೈ. ಹಾಗಾಗಿ ಕಮಾಂಡ್ ಏನೂ ಮಾಡದೆ ಮುಗಿಯುತ್ತದೆ.

ನೋಡ್‌ನ ಕಾನ್ಫಿಗ್‌ನಲ್ಲಿ ಇಂಡೆಕ್ಸರ್ ಅನ್ನು 'ಕೆವಿ' ಮಾಡಿ ರೀಸ್ಟಾರ್ಟ್ ಕೊಡಿ. ಆದರೆ ಅದು ಅಲ್ಲಿಂದ ಮುಂದಿನ ಬ್ಲಾಕ್‌ಗಳನ್ನಷ್ಟೇ ಇಂಡೆಕ್ಸ್ ಮಾಡುತ್ತದೆ. ಹಳೆಯ 37ಕ್ಕೆ ಅದರಿಂದ ಉಪಯೋಗವಿಲ್ಲ. ಸ್ಟೇಟ್ ಸಿಂಕ್ ಆದ ನೋಡ್‌ನಲ್ಲಂತೂ ಸ್ನ್ಯಾಪ್‌ಶಾಟ್‌ಗಿಂತ ಹಿಂದಿನ ಬ್ಲಾಕ್‌ಗಳೇ ಇಲ್ಲ. ಮೊದಲಿನಿಂದ ಓಡುತ್ತಿರುವ, ಇಂಡೆಕ್ಸ್ ಇರುವ ವ್ಯಾಲಿಡೇಟರ್ (ಬ್ಲಾಕ್‌ಗಳಿಗೆ ಸಹಿ ಹಾಕುವವರ) ನೋಡ್ ಯಾವುದಾದರೂ ಇದ್ದರೆ ಆರ್‌ಪಿಸಿ ವಿಳಾಸವನ್ನು ತಾತ್ಕಾಲಿಕವಾಗಿ ಅದಕ್ಕೆ ತಿರುಗಿಸಿ ಒಮ್ಮೆ ಕ್ಲಿಯರ್ ಮಾಡಿ, ಮತ್ತೆ ವಾಪಸ್ ತನ್ನಿ.

ಸ್ಟೇಟ್ ಸಿಂಕ್‌ಗೆ ಇನ್ನೊಂದು ಬಾಲ ಇದೆ. ಕ್ಲೈಂಟ್ (ಒಂದು ಚೈನ್ ಮೇಲೆ ಕೂತು ಇನ್ನೊಂದರ ಬ್ಲಾಕ್ ಹೆಡರ್ ಪರಿಶೀಲಿಸುವ ಲೈಟ್ ಕ್ಲೈಂಟ್) ಅಪ್‌ಡೇಟ್ ಮಾಡುವಾಗ ಹರ್ಮೀಸ್ ಹೊಸ ಹೆಡರ್ ಜೊತೆಗೆ, ಹಿಂದೆ ನಂಬಿದ ಎತ್ತರದ (ಬ್ಲಾಕ್ ಸಂಖ್ಯೆಯ) ವ್ಯಾಲಿಡೇಟರ್ ಪಟ್ಟಿಯನ್ನೂ ನೋಡ್‌ನಿಂದ ಕೇಳುತ್ತದೆ. ಕೊನೆಯ ಅಪ್‌ಡೇಟ್‌ಗಿಂತ ಈಚೆಗಿನ ಬ್ಲಾಕ್‌ಗಳಷ್ಟೇ ನೋಡ್‌ನಲ್ಲಿದ್ದರೆ ಅಪ್‌ಡೇಟ್ ಅಲ್ಲೇ ಬಿತ್ತು. ಕನಿಷ್ಠ ಟ್ರಸ್ಟಿಂಗ್ ಪೀರಿಯಡ್‌ನಷ್ಟು (ಅಪ್‌ಡೇಟ್ ಇಲ್ಲದೆ ಕ್ಲೈಂಟ್ ಬದುಕಿರುವ ಅವಧಿ, ನಿಮ್ಮಲ್ಲಿ 2 ದಿನ) ಬ್ಲಾಕ್ ಇರಲೇಬೇಕು. 6 ಸೆಕೆಂಡಿಗೆ ಒಂದು ಬ್ಲಾಕ್ ಅಂದರೆ 2 ದಿನಕ್ಕೆ 28,800. 21 ದಿನದ ಅನ್‌ಬಾಂಡಿಂಗ್ ಇರುವ ಚೈನ್‌ನಲ್ಲಿ ಅಷ್ಟೂ ದಿನದ್ದು ಇಡುವುದು ಒಳ್ಳೆಯದು, 3,02,400 ಆಗುತ್ತದೆ. 'ಮಿನ್ ರಿಟೇನ್ ಬ್ಲಾಕ್ಸ್' ಸೊನ್ನೆ ಇಟ್ಟರೆ ಯಾವ ಬ್ಲಾಕೂ ಅಳಿಯುವುದಿಲ್ಲ, ಲೆಕ್ಕವೇ ಬೇಡ.

ಸ್ಟೇಟ್ ಪ್ರೂನಿಂಗ್ (ಹಳೆಯ ಎತ್ತರಗಳ ಸ್ಟೇಟ್ ಅಳಿಸುವುದು) ಬೇರೆ ವಿಷಯ, ಎರಡನ್ನೂ ಬೆರೆಸಬೇಡಿ. ಪ್ರೂಫ್ ಕೇಳುವುದು ಹೆಚ್ಚಾಗಿ ಇತ್ತೀಚಿನ ಎತ್ತರದಲ್ಲೇ, ಹಾಗಾಗಿ ಅದನ್ನು ಬಿಗಿಯಾಗಿ ಇಟ್ಟರೂ ನಡೆಯುತ್ತದೆ. ನೆನಪಿರಲಿ, ಎತ್ತರ 1000ದ ಸ್ಟೇಟ್‌ನ ಪ್ರೂಫ್ ತಾಳೆಯಾಗುವುದು 1001ನೇ ಹೆಡರ್‌ನ ಆಪ್ ಹ್ಯಾಶ್ (ಇಡೀ ಸ್ಟೇಟ್‌ನ ಹ್ಯಾಶ್) ಜೊತೆ. ರಿಲೇಯರ್ ಯಾವಾಗಲೂ ಒಂದು ಬ್ಲಾಕ್ ಹೆಚ್ಚಿಗೆ ಕಾಯುವುದು ಅದಕ್ಕೇ. ಅದನ್ನು ನಿಧಾನ ಎಂದುಕೊಂಡು ಸರಿಪಡಿಸಲು ಹೋಗಬೇಡಿ.

---

ಕರಾವಳಿ_ಲಾಗ್

ಒಂದನೆಯದಕ್ಕೆ ಉತ್ತರ ನಿಮ್ಮ ಕಾನ್ಫಿಗ್‌ನಲ್ಲೇ ಉಂಟು ಮಾರಾಯ್ರೆ. ಕ್ಲಿಯರ್ ಇಂಟರ್ವಲ್ 500 × 6 ಸೆಕೆಂಡ್ = 3000 ಸೆಕೆಂಡ್, ಅಂದರೆ 50 ನಿಮಿಷ. ಕಮಾಂಡ್ ಲೈನ್‌ನಿಂದ ಕಳಿಸಿದ ಟ್ರಾನ್ಸ್‌ಫರ್‌ನ ಡೀಫಾಲ್ಟ್ ಟೈಮೌಟ್ 10 ನಿಮಿಷ. ಈವೆಂಟ್ ಒಮ್ಮೆ ತಪ್ಪಿದರೆ ಹರ್ಮೀಸ್ ಅದನ್ನು ಮತ್ತೆ ನೋಡುವ ಹೊತ್ತಿಗೆ ಪ್ಯಾಕೆಟ್ ಸತ್ತು 40 ನಿಮಿಷ ಆಗಿರುತ್ತದೆ. ಡೀಫಾಲ್ಟ್ 100 ಇದ್ದರೂ 10 ನಿಮಿಷವೇ, ಅದೂ ಅಂಚಿನಲ್ಲಿದೆ. 40 ಇಡಿ, 4 ನಿಮಿಷಕ್ಕೊಮ್ಮೆ ಗುಡಿಸುತ್ತದೆ. ಬ್ಲಾಕ್ ಬೇಗ ಬೇಗ ಬರುವ ಚೈನ್‌ನಲ್ಲಿ ಅದೇ 40 ಅತಿಯಾಗುತ್ತದೆ, ಆರ್‌ಪಿಸಿಗೆ ಸುಮ್ಮನೆ ಹೊರೆ. ಹೊಸ ಆವೃತ್ತಿಗಳಲ್ಲಿ ಚೈನ್‌ಗೆ ಪ್ರತ್ಯೇಕ ಇಂಟರ್ವಲ್ ಕೊಡಬಹುದು.

ಈವೆಂಟ್ ತಪ್ಪುವುದು ಯಾಕೆ ಅಂದರೆ ಸಾರ್ವಜನಿಕ ಆರ್‌ಪಿಸಿಯ ವೆಬ್‌ಸಾಕೆಟ್. ಮುಂದೆ ಕೂತ ಪ್ರಾಕ್ಸಿ ಒಂದಿಷ್ಟು ಹೊತ್ತಿಗೆ ಸಂಪರ್ಕ ಕಡಿಯುತ್ತದೆ. ಹರ್ಮೀಸ್ ಮತ್ತೆ ಕೂಡಿಕೊಳ್ಳುತ್ತದೆ ನಿಜ, ಆದರೆ ನಡುವಿನ ಬ್ಲಾಕ್‌ಗಳ ಈವೆಂಟ್ ಯಾರೂ ಮತ್ತೆ ಹೇಳುವುದಿಲ್ಲ. ಈವೆಂಟ್ ಸೋರ್ಸ್ ಅನ್ನು 'ಪುಲ್' ಮಾಡಿ (ಹರ್ಮೀಸೇ ಹೋಗಿ ಕೇಳುತ್ತದೆ), ಇಂಟರ್ವಲ್ 1 ಸೆಕೆಂಡ್. ಪುಶ್ ಮೋಡ್ ಸ್ವಂತ ನೋಡ್‌ಗೆ ಸರಿ.

ಕೋರಿಕೆಗಳನ್ನು ಹಲವು ನೋಡ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇನ್ನೊಂದು ಪೀಡೆ. ಹೊಸ ಬ್ಲಾಕ್ ಬಂತು ಎಂದು ಹೇಳುವ ನೋಡ್ ಒಂದು, ಮರುಕ್ಷಣ ಪ್ರೂಫ್ ಕೇಳಿದಾಗ ಸಿಗುವ ನೋಡ್ ಇನ್ನೊಂದು. ಎರಡನೆಯದು 2 ಬ್ಲಾಕ್ ಹಿಂದಿದ್ದರೆ 'ಆ ಎತ್ತರ ಇನ್ನೂ ಬಂದಿಲ್ಲ' ಎನ್ನುತ್ತದೆ. ಹೆಲ್ತ್ ಚೆಕ್‌ನಲ್ಲಿ ಇದೊಂದೂ ಕಾಣುವುದಿಲ್ಲ, ಅದು ಆ ಕ್ಷಣ ಬಾಗಿಲು ತೆರೆದಿದೆಯಾ ಎಂದಷ್ಟೇ ನೋಡುತ್ತದೆ.

---

ರಸ್ಟು_ಹಿಡಿದವ

ಎರಡನೆಯದು ನಿಮ್ಮ ಸ್ಟ್ಯಾಂಡ್‌ಬೈ ಸರ್ವರ್‌ನ ಕೆಲಸ. ಒಂದೇ ಖಾತೆಯಿಂದ ಎರಡು ಪ್ರೋಸೆಸ್ ಸಹಿ ಹಾಕುತ್ತಿವೆ. ಎರಡೂ 'ಮುಂದಿನ ಸೀಕ್ವೆನ್ಸ್ 812' ಎಂದು ಓದುತ್ತವೆ, ಎರಡೂ 812 ಹಾಕಿ ಕಳಿಸುತ್ತವೆ. ಒಂದು ಸೇರುತ್ತದೆ, ಇನ್ನೊಂದಕ್ಕೆ '813 ಬೇಕಿತ್ತು, 812 ಬಂತು' ಎಂಬ ಉತ್ತರ. ಹರ್ಮೀಸ್ ಸೀಕ್ವೆನ್ಸ್ ಅನ್ನು ಮತ್ತೆ ಕೇಳಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಪ್ರೋಸೆಸ್ ಮುಂದೆ ಹೋಗಿರುತ್ತದೆ. ಇದಕ್ಕೆ ಮದ್ದು ಒಂದೇ: ಪ್ರತಿ ಪ್ರೋಸೆಸ್‌ಗೆ, ಪ್ರತಿ ಚೈನ್‌ನಲ್ಲೂ ಬೇರೆ ಕೀ. ಕೈಯಿಂದ ಟ್ರಾನ್ಸಾಕ್ಷನ್ ಕಳಿಸುವುದಕ್ಕೂ ರಿಲೇಯರ್ ಕೀ ಬಳಸಬೇಡಿ.

ಕೀ ಬೇರೆ ಮಾಡಿದ ಮೇಲೂ ಮಿಸ್‌ಮ್ಯಾಚ್ ಉಳಿದರೆ ಎರಡು ಕಡೆ ನೋಡಿ. ಲೋಡ್ ಬ್ಯಾಲೆನ್ಸರ್ ಹಿಂದಿನ ನೋಡ್‌ಗಳ ಮೆಂಪೂಲ್ (ಬ್ಲಾಕ್ ಸೇರಲು ಕಾದಿರುವ ಟ್ರಾನ್ಸಾಕ್ಷನ್‌ಗಳ ಸಾಲು) ಒಂದೇ ಆಗಿರುವುದಿಲ್ಲ, 813 ಇನ್ನೂ ಕಾಣದ ನೋಡ್‌ಗೆ 814 ಹೋದರೆ ಅದು ತಳ್ಳಿಬಿಡುತ್ತದೆ. ಬ್ಯಾಚ್ ದೊಡ್ಡದಿದ್ದಾಗ ಹೀಗಾಗುತ್ತಿದ್ದರೆ 'ಸೀಕ್ವೆನ್ಶಿಯಲ್ ಬ್ಯಾಚ್ ಟಿಎಕ್ಸ್' ಆನ್ ಮಾಡಿ. ಒಂದು ಬ್ಲಾಕ್‌ಗೆ ಸೇರಿದ ಮೇಲಷ್ಟೇ ಮುಂದಿನದು ಹೋಗುತ್ತದೆ, ವೇಗ ಇಳಿಯುತ್ತದೆ.

'ರಿಡಂಡಂಟ್' ಎಂಬುದು ದೋಷ ಅಲ್ಲ, ನಿಮಗಿಂತ ಮೊದಲು ಬೇರೆಯವರು ಮುಟ್ಟಿಸಿದ್ದಾರೆ ಎಂದರ್ಥ, ಇಲ್ಲಿ ಆ ಬೇರೆಯವರು ನೀವೇ. ಟ್ರಾನ್ಸಾಕ್ಷನ್‌ನಲ್ಲಿರುವ ಎಲ್ಲ ಪ್ಯಾಕೆಟ್ ಮೆಸೇಜ್‌ಗಳೂ ಆಗಲೇ ಮುಗಿದಿದ್ದರೆ ಐಬಿಸಿ-ಗೋದ (ಐಬಿಸಿಯ ಗೋ ಭಾಷೆಯ ಕೋಡ್) ಆಂಟೆ ಹ್ಯಾಂಡ್ಲರ್, ಅಂದರೆ ಮುಂಚಿತ ತಪಾಸಣೆಯ ಭಾಗ, ಅದನ್ನು ಮೆಂಪೂಲ್ ಬಾಗಿಲಲ್ಲೇ ತಡೆಯುತ್ತದೆ, ಫೀ ಹೋಗುವುದಿಲ್ಲ. ಆದರೆ ಇಬ್ಬರದೂ ಒಂದೇ ಬ್ಲಾಕ್‌ಗೆ ನುಗ್ಗಿದರೆ ಎರಡೂ ತಪಾಸಣೆ ದಾಟಿಬಿಡುತ್ತವೆ, ಸೋತವರ ಮೆಸೇಜ್ ಏನೂ ಮಾಡದೆ ಮುಗಿಯುತ್ತದೆ, ಗ್ಯಾಸ್ ಮಾತ್ರ ಕಟ್ಟಿಸಿಕೊಳ್ಳುತ್ತದೆ. ಎರಡು ರಿಲೇಯರ್ ಸದಾ ಓಡಿಸುವುದರ ನಿಜವಾದ ಖರ್ಚು ಇದು.

ಕೀ ಬಗ್ಗೆಯೇ ಇನ್ನೊಂದು ಮಾತು. ಹರ್ಮೀಸ್ ಕೀಗಳನ್ನು ಡಿಸ್ಕ್‌ನಲ್ಲಿ ಎನ್‌ಕ್ರಿಪ್ಟ್ ಮಾಡದೆ ಇಡುತ್ತದೆ. ಆ ಖಾತೆಯಲ್ಲಿ ಒಂದೆರಡು ವಾರದ ಗ್ಯಾಸ್‌ಗೆ ಬೇಕಾದಷ್ಟು ಇದ್ದರೆ ಸಾಕು. ವ್ಯಾಲಿಡೇಟರ್ ಆಪರೇಟರ್ ಕೀ ತಂದು ಹಾಕುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ನಿಮ್ಮ ಚೈನ್ ಇವಿಎಂ (ಇಥೀರಿಯಂ) ಮಾದರಿ ವಿಳಾಸ ಬಳಸುವುದಾದರೆ ಕೀ ಸೇರಿಸುವಾಗ ಎಚ್‌ಡಿ ಪಾತ್‌ನಲ್ಲಿ (ಮ್ನೆಮಾನಿಕ್‌ನಿಂದ ಕೀ ಹುಟ್ಟುವ ದಾರಿ) ಕಾಯಿನ್ ಟೈಪ್ 60 ಕೊಡಬೇಕು. ಕಾಸ್ಮೋಸ್‌ನ ಮಾಮೂಲು 118 ಬಿಟ್ಟರೆ ಅದೇ ಮ್ನೆಮಾನಿಕ್‌ನಿಂದ ಬೇರೆ ವಿಳಾಸ ಹುಟ್ಟುತ್ತದೆ, ನೀವು ದುಡ್ಡು ಹಾಕಿದ ಖಾತೆ ಒಂದು, ರಿಲೇಯರ್ ಹುಡುಕುವ ಖಾತೆ ಇನ್ನೊಂದು.

---

ಸರಪಳಿ_ಕೊಂಡಿ

ಎಲ್ಲರಿಗೂ ಧನ್ಯವಾದ. ಸ್ಟ್ಯಾಂಡ್‌ಬೈ ನಿಲ್ಲಿಸಿದೆ, ಪುಲ್ ಮಾಡಿದೆ, ಇಂಟರ್ವಲ್ 40. ವ್ಯಾಲಿಡೇಟರ್ ನೋಡ್‌ಗೆ ತಿರುಗಿಸಿ ಕ್ಲಿಯರ್ ಕೊಟ್ಟರೆ 37ರಲ್ಲಿ 29 ಟೈಮೌಟ್ ಆಗಿ ವಾಪಸ್ ಬಂದವು. 6ಕ್ಕೆ ಅಕ್ನಾಲೆಜ್‌ಮೆಂಟ್ ಮಾತ್ರ ಬಾಕಿ ಇತ್ತು, ಹೋಯಿತು. 2 ಪ್ಯಾಕೆಟ್ ಮಾತ್ರ ಹರ್ಮೀಸ್ ಮುಟ್ಟುತ್ತಲೇ ಇಲ್ಲ. ಗ್ಯಾಸ್ ಸಾಲದೆ ಒಂದೆರಡು ಟ್ರಾನ್ಸಾಕ್ಷನ್ ಬಿದ್ದಿವೆ. ನಾಲ್ಕನೇ ಪ್ರಶ್ನೆ ಹಾಗೇ ಇದೆ.

---

ರಸ್ಟು_ಹಿಡಿದವ

ಆ 2 ಪ್ಯಾಕೆಟ್‌ಗಳ ಮೆಮೊ ಎಷ್ಟು ಉದ್ದ ಇದೆ ನೋಡಿ. ಮೆಮೊದಲ್ಲಿ ಕಸ ತುಂಬಿ ರಿಲೇಯರ್‌ಗಳ ಗ್ಯಾಸ್ ಬರಿದು ಮಾಡುವವರಿದ್ದಾರೆ. ಅದನ್ನು ತಡೆಯಲು ಹರ್ಮೀಸ್‌ನಲ್ಲಿ ಮೆಮೊಗೂ ಸ್ವೀಕರಿಸುವವರ ವಿಳಾಸಕ್ಕೂ ಗಾತ್ರದ ಮಿತಿ ಇದೆ. ಡೀಫಾಲ್ಟ್ ಮೆಮೊಗೆ 32 ಕಿಲೋಬೈಟ್, ವಿಳಾಸಕ್ಕೆ 2. ಮೀರಿದ್ದನ್ನು ಲಾಗ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡುತ್ತದೆ. ನಿಮ್ಮವರೇ ಪರೀಕ್ಷೆಗೆ ಕಳಿಸಿದ್ದಾದರೆ ಮಿತಿಯನ್ನು ಸ್ವಲ್ಪ ಹೊತ್ತು ಏರಿಸಿ ಕ್ಲಿಯರ್ ಮಾಡಿ.

ಗ್ಯಾಸ್‌ಗೆ ಮಲ್ಟಿಪ್ಲೈಯರ್ 1.3 ಮಾಡಿ. ಕ್ಲೈಂಟ್ ಅಪ್‌ಡೇಟ್‌ನಲ್ಲಿ ವ್ಯಾಲಿಡೇಟರ್‌ಗಳ ಸಹಿಗಳನ್ನು ಒಂದೊಂದಾಗಿ ಪರಿಶೀಲಿಸಬೇಕು, ಅಂದಾಜು ಮಾಡಿದ ಗ್ಯಾಸ್‌ಗೂ ನಿಜಕ್ಕೂ ವ್ಯತ್ಯಾಸ ಬರುತ್ತದೆ. ಸಿಮ್ಯುಲೇಶನ್ ವಿಫಲವಾದರೆ ಹರ್ಮೀಸ್ ಡೀಫಾಲ್ಟ್ ಗ್ಯಾಸ್‌ಗೆ ಬೀಳುತ್ತದೆ, ಅದು 1,00,000 ಇದ್ದರೆ ಸಾಲುವುದೇ ಇಲ್ಲ. ಆಸ್ಮೋಸಿಸ್ ಕಡೆ ಫೀ ಏರಿಳಿಯುತ್ತದೆ, ಸ್ಥಿರ ಗ್ಯಾಸ್ ದರ ಬರೆದಿಟ್ಟರೆ ದಟ್ಟಣೆಯ ಹೊತ್ತಲ್ಲಿ ತಿರಸ್ಕಾರ ಖಚಿತ. ಡೈನಾಮಿಕ್ ಗ್ಯಾಸ್ ಪ್ರೈಸ್ ಆನ್ ಮಾಡಿ, ಆದರೆ ಗರಿಷ್ಠ ಮಿತಿ ಹಾಕಲು ಮರೆಯಬೇಡಿ.

---

ನೋಡ್‌ಕಾವಲು

ನಾಲ್ಕನೆಯದು: ನಿಲ್ಲಿಸಬೇಡಿ.

ಆಸ್ಮೋಸಿಸ್ ಮೇಲೆ ನಿಮ್ಮ ಚೈನ್‌ನ ಲೈಟ್ ಕ್ಲೈಂಟ್ ಒಂದು ಕೂತಿದೆ. ಅದರ ಟ್ರಸ್ಟಿಂಗ್ ಪೀರಿಯಡ್ ನಿಮ್ಮ ಅನ್‌ಬಾಂಡಿಂಗ್‌ಗಿಂತ ಕಡಿಮೆ ಇರಲೇಬೇಕು, ವಾಡಿಕೆಯಲ್ಲಿ ಮೂರರಲ್ಲಿ ಎರಡು ಪಾಲು. 3 ದಿನಕ್ಕೆ 2 ದಿನ, 48 ಗಂಟೆ. ಅಷ್ಟರೊಳಗೆ ಒಂದಾದರೂ ಅಪ್‌ಡೇಟ್ ಬರದಿದ್ದರೆ ಕ್ಲೈಂಟ್ ಎಕ್ಸ್‌ಪೈರ್. ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಿಗ್ಗೆ 9ಕ್ಕೆ 60 ಗಂಟೆ. ಹರ್ಮೀಸ್ ಓಡುತ್ತಿದ್ದರೆ ಟ್ರಸ್ಟಿಂಗ್ ಪೀರಿಯಡ್‌ನ ಮೂರನೇ ಒಂದು ಪಾಲಿಗೊಮ್ಮೆ, ಅಂದರೆ 16 ಗಂಟೆಗೊಮ್ಮೆ ತಾನೇ ರಿಫ್ರೆಶ್ ಮಾಡುತ್ತದೆ. ಕ್ಲೈಂಟ್ಸ್ ಮೋಡ್‌ನಲ್ಲಿ ರಿಫ್ರೆಶ್ 'ಟ್ರೂ' ಇರಬೇಕು ಅಷ್ಟೇ. ಅನ್‌ಬಾಂಡಿಂಗ್ ಜೊತೆ ಗಂಟು ಹಾಕಿರುವುದಕ್ಕೆ ಕಾರಣವಿದೆ. ಸ್ಟೇಕ್ ಬಿಡಿಸಿಕೊಂಡು ಹೋದ ವ್ಯಾಲಿಡೇಟರ್‌ಗಳು ಹಳೆಯ ಕೀಗಳಿಂದ ಸುಳ್ಳು ಹೆಡರ್‌ಗೆ ಸಹಿ ಹಾಕಿದರೆ ಅವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಎಕ್ಸ್‌ಪೈರ್ ಆದರೆ ಎರಡು ದಿಕ್ಕಿಗೂ ಒಂದೇ ಗತಿ ಅಲ್ಲ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿಮ್ಮ ಚೈನ್ ಮೇಲಿರುವ ಆಸ್ಮೋಸಿಸ್ ಕ್ಲೈಂಟ್ ಬದುಕಿದೆ ಎನ್ನಿ. ಆಗ ನಿಮ್ಮಿಂದ ಹೊರಟ ಪ್ಯಾಕೆಟ್ ಅಲ್ಲಿ ಇಳಿಯುವುದಿಲ್ಲ. ಆದರೆ 'ಅಲ್ಲಿ ಇಳಿದಿಲ್ಲ' ಎಂಬ ಪ್ರೂಫ್ ನಿಮ್ಮ ಕಡೆ ನಡೆಯುವುದರಿಂದ ಟೈಮೌಟ್ ಆಗಿ ಹಣ ಕಳಿಸಿದವರಿಗೆ ಮರಳುತ್ತದೆ. ಆ ಕಡೆಯಿಂದ ಹೊರಟು ಬಾಕಿ ಇದ್ದ ಪ್ಯಾಕೆಟ್‌ನ ಅಕ್ನಾಲೆಜ್‌ಮೆಂಟ್ ಆಗಲಿ ಟೈಮೌಟ್ ಆಗಲಿ ಆಸ್ಮೋಸಿಸ್‌ಗೆ ಮುಟ್ಟುವುದಿಲ್ಲ. ಅಲ್ಲಿ ಎಸ್ಕ್ರೋದಲ್ಲಿ (ಸಾಗಣೆ ಮುಗಿಯುವವರೆಗೆ ಹಿಡಿದಿಡುವ ಖಾತೆಯಲ್ಲಿ) ಇಟ್ಟದ್ದು ಹಾಗೇ ನಿಲ್ಲುತ್ತದೆ. ಹೊಸ ಟ್ರಾನ್ಸ್‌ಫರ್ ಅಲ್ಲಿಂದ ಹೊರಡುವುದೂ ಇಲ್ಲ.

ಸತ್ತ ಕ್ಲೈಂಟ್ ಬದುಕಿಸುವ ದಾರಿ ಗವರ್ನೆನ್ಸ್ ಪ್ರಸ್ತಾವ (ಚೈನ್ ಮೇಲಿನ ಮತದಾನ), ಅದೂ ಕ್ಲೈಂಟ್ ಯಾವ ಚೈನ್ ಮೇಲೆ ಕೂತಿದೆಯೋ ಆ ಚೈನ್‌ನಲ್ಲಿ. ಅದೇ ಲಕ್ಷಣಗಳಿರುವ ಹೊಸ ಬದಲಿ ಕ್ಲೈಂಟ್ ಮಾಡಿ, ಹಳೆಯದರ ಜಾಗಕ್ಕೆ ಇದರ ಸ್ಥಿತಿ ತುಂಬಿ ಎಂದು ಕೇಳುವುದು. ಮತದಾನ ಮುಗಿದು ಜಾರಿಯಾಗುವ ಕ್ಷಣದಲ್ಲಿ ಬದಲಿ ಕ್ಲೈಂಟ್ ಜೀವಂತ ಇರಬೇಕು. ಅದನ್ನೂ ರಿಫ್ರೆಶ್ ಮಾಡದೆ ಸಾಯಿಸಿದರೆ ಪ್ರಸ್ತಾವ ಪಾಸಾಗಿಯೂ ವ್ಯರ್ಥ.

ಟೆಸ್ಟ್‌ನೆಟ್‌ನಲ್ಲಿ ಅಷ್ಟೆಲ್ಲ ಯಾರು ಮಾಡುತ್ತಾರೆ, ಹೊಸ ಕ್ಲೈಂಟ್, ಹೊಸ ಕನೆಕ್ಷನ್, ಹೊಸ ಚಾನೆಲ್ ತೆರೆಯುವುದೇ ರೂಢಿ. ಆದರೆ ಹೊಸ ಚಾನೆಲ್‌ನಲ್ಲಿ ಬಂದ ಟೋಕನ್ ಹಳೆಯದಕ್ಕೆ ಸಮವಲ್ಲ. ಐಬಿಸಿ ಡಿನಾಮ್ (ಟೋಕನ್‌ನ ಹೆಸರು) ಎಂದರೆ ಪೋರ್ಟ್, ಚಾನೆಲ್, ಮೂಲ ಹೆಸರು ಸೇರಿದ ದಾರಿಯ ಹ್ಯಾಶ್. ಚಾನೆಲ್ ಸಂಖ್ಯೆ ಬದಲಾದರೆ ಹ್ಯಾಶ್ ಬದಲು, ಟೋಕನ್ ಬೇರೆ. ಮೇನ್‌ನೆಟ್‌ಗೆ ಹೋಗುವ ಮುನ್ನ ಅನ್‌ಬಾಂಡಿಂಗ್ 21 ದಿನ ಮಾಡಿ, ಆಮೇಲೆ ಕ್ಲೈಂಟ್ ಹುಟ್ಟಿಸಿ. ಕ್ಲೈಂಟ್ ಹುಟ್ಟಿದ ಮೇಲೆ ಪ್ಯಾರಾಮೀಟರ್ ಬದಲಿಸಿದರೆ ಹಳೆಯ ಕ್ಲೈಂಟ್‌ನ ಟ್ರಸ್ಟಿಂಗ್ ಪೀರಿಯಡ್ ತಾನಾಗಿ ಬೆಳೆಯುವುದಿಲ್ಲ.

ಟೆಸ್ಟ್‌ನೆಟ್ ಕೆಟ್ಟಾಗ ಜೆನೆಸಿಸ್‌ನಿಂದ ಅದೇ ಚೈನ್ ಐಡಿಯಲ್ಲಿ ಮತ್ತೆ ಶುರು ಮಾಡುವ ಅಭ್ಯಾಸವಿದ್ದರೆ ಬಿಡಿ. ಒಂದೇ ಎತ್ತರಕ್ಕೆ ಎರಡು ಬೇರೆ ಹೆಡರ್ ಸಿಕ್ಕರೆ ಅದು ಮಿಸ್‌ಬಿಹೇವಿಯರ್, ಕ್ಲೈಂಟ್ ಫ್ರೀಜ್ ಆಗುತ್ತದೆ. ಐಡಿಯ ಕೊನೆಯ ಅಂಕಿ ಏರಿಸಿ. 'ಕಾಸ್ಮೋಸ್‌ಹಬ್-4'ರಲ್ಲಿರುವ 4 ಅಲಂಕಾರಕ್ಕಲ್ಲ, ಐಬಿಸಿಯಲ್ಲಿ ಎತ್ತರ ಬರೆಯುವಾಗ ಮುಂದೆ ಬರುವ ರಿವಿಷನ್ ಸಂಖ್ಯೆ ಅದೇ.

---

ಹೊಸ_ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಿಲೇಯರ್ ಓಡಿಸುವವರು ಪ್ಯಾಕೆಟ್ ತಿದ್ದಿ ಹಣ ಹೊಡೆಯಬಹುದಲ್ಲ? ಚೈನ್‌ಗಳ ನಡುವೆ ಹಣ ಸಾಗಿಸುವ ಬ್ರಿಡ್ಜ್‌ಗಳಲ್ಲಿ ಆದದ್ದು ಅದೇ ತಾನೆ?

---

ಕರಾವಳಿ_ಲಾಗ್

ಇಲ್ಲಿ ಆಗುವುದಿಲ್ಲ. ರಿಲೇಯರ್ ರಿಜಿಸ್ಟರ್ಡ್ ಅಂಚೆ ಹೊತ್ತವ, ಅಷ್ಟೇ. ಒಂದಕ್ಷರ ತಿದ್ದಿದರೂ ಕಮಿಟ್‌ಮೆಂಟ್ ಹ್ಯಾಶ್ ತಾಳೆಯಾಗುವುದಿಲ್ಲ, ಆ ಕಡೆಯ ಲೈಟ್ ಕ್ಲೈಂಟ್ ತಳ್ಳುತ್ತದೆ. ಅವನ ಕೈಯಲ್ಲಿರುವುದು ತಡ ಮಾಡುವುದು, ಇಲ್ಲವೇ ಹೊತ್ತೊಯ್ಯದೇ ಇರುವುದು. ಅದಕ್ಕೂ ಇನ್ನೊಬ್ಬ ರಿಲೇಯರ್ ಬಂದರೆ ಮುಗಿಯಿತು, ಯಾರ ಅನುಮತಿಯೂ ಬೇಡ.

ನೀವು ಹೇಳುವ ಬ್ರಿಡ್ಜ್‌ಗಳಲ್ಲಿ ಮುರಿದದ್ದು ಸಾಗಣೆ ಅಲ್ಲ, ಪರಿಶೀಲನೆ. 2022ರ ಮಾರ್ಚ್‌ನಲ್ಲಿ ರೋನಿನ್‌ನಲ್ಲಿ 9 ವ್ಯಾಲಿಡೇಟರ್ ಕೀಗಳಲ್ಲಿ 5 ಕಳ್ಳರ ಕೈಗೆ ಸಿಕ್ಕವು, 1,73,600 ಈಥರ್ ಹೋಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ವರ್ಮ್‌ಹೋಲ್‌ನ ಸೊಲಾನಾ ಕಡೆಯ ಕಾಂಟ್ರಾಕ್ಟ್ ಸಹಿ ಪರಿಶೀಲನೆಯನ್ನೇ ತಪ್ಪಿಸಿ 1,20,000 ರ‍್ಯಾಪ್ಡ್ ಈಥರ್ ಹುಟ್ಟಿಸಿದರು. ಆಗಸ್ಟ್‌ನಲ್ಲಿ ನೋಮ್ಯಾಡ್‌ನಲ್ಲಿ ಒಂದು ಅಪ್‌ಗ್ರೇಡ್ ಸೊನ್ನೆ ರೂಟನ್ನು (ಪ್ರೂಫ್ ತಾಳೆ ನೋಡುವ ಮೂಲ ಹ್ಯಾಶ್) ನಂಬಿಕಸ್ತ ಎಂದು ಗುರುತು ಹಾಕಿತು, ಪ್ರೂಫ್ ಇಲ್ಲದ ಮೆಸೇಜ್ ಕೂಡ ಪಾಸಾಯಿತು. ಬೇರೆ ಚೈನ್‌ಗೆ ಯಾವ ರಿಲೇಯರ್ ಇದೆ ಎಂದು ಕೇಳುವ ಮೊದಲು ಆ ಕಡೆ ಪರಿಶೀಲಿಸುವವರು ಯಾರು ಎಂದು ಕೇಳಿ.

---

ಸರಪಳಿ_ಕೊಂಡಿ

2 ಪ್ಯಾಕೆಟ್ ಮೆಮೊನೇ ಆಗಿತ್ತು, ಪರೀಕ್ಷೆಗೆ ಕಳಿಸಿದ್ದು. ಕೊನೆಯ ಪ್ರಶ್ನೆ: ಬೇರೆ ಕೀ ಇಟ್ಟು ಎರಡನ್ನೂ ಓಡಿಸಿದರೆ ಗ್ಯಾಸ್ ವ್ಯರ್ಥ, ಒಂದೇ ಇಟ್ಟರೆ ಭಯ. ಏನು ಮಾಡುತ್ತಾರೆ? ಈ ಗ್ಯಾಸ್ ಯಾರಾದರೂ ವಾಪಸ್ ಕೊಡುತ್ತಾರಾ?

---

ರಸ್ಟು_ಹಿಡಿದವ

ಎರಡನೆಯದನ್ನು ಪೂರ್ತಿ ನಿಲ್ಲಿಸಬೇಡಿ, ಪ್ಯಾಕೆಟ್ ಮೋಡ್ ಆಫ್ ಮಾಡಿ ಕ್ಲೈಂಟ್ ರಿಫ್ರೆಶ್ ಮಾತ್ರ ಉಳಿಸಿ. ಮೊದಲನೆಯದು ಬಿದ್ದರೂ ಕ್ಲೈಂಟ್ ಸಾಯುವುದಿಲ್ಲ, ಖರ್ಚು ದಿನಕ್ಕೆ ಒಂದೆರಡು ಟ್ರಾನ್ಸಾಕ್ಷನ್. ಪ್ಯಾಕೆಟ್ ಸಾಗಣೆ ಬೇಕಾದಾಗ ಕಾನ್ಫಿಗ್‌ನಲ್ಲಿ ಒಂದು ಸಾಲು ತಿರುಗಿಸಿ ರೀಸ್ಟಾರ್ಟ್ ಮಾಡಿ, 'ಕ್ಲಿಯರ್ ಆನ್ ಸ್ಟಾರ್ಟ್' ಬಾಕಿ ಇದ್ದದ್ದನ್ನೆಲ್ಲ ಎತ್ತಿಕೊಳ್ಳುತ್ತದೆ. ಸಾಧ್ಯವಾದರೆ ಎರಡನೆಯದಕ್ಕೆ ಬೇರೆ ನೋಡ್ ಕೊಡಿ. ಎರಡೂ ಒಂದೇ ನೋಡ್ ನಂಬಿದ್ದರೆ ಅದು ಬಿದ್ದ ದಿನ ಎರಡೂ ಕುರುಡು.

ಗ್ಯಾಸ್ ಯಾರೂ ಕೊಡುವುದಿಲ್ಲ ಎಂದೇ ಲೆಕ್ಕ ಹಾಕಿ. ಐಸಿಎಸ್-29 ಎಂಬ ಫೀ ಮಿಡಲ್‌ವೇರ್ ಇತ್ತು, ತಲುಪಿಸಿದ್ದಕ್ಕೆ, ಅಕ್ನಾಲೆಜ್‌ಮೆಂಟ್‌ಗೆ, ಟೈಮೌಟ್‌ಗೆ ಬೇರೆ ಬೇರೆ ಫೀ ಕೊಡುವಂತೆ. ಐಬಿಸಿ-ಗೋ 10ನೇ ಆವೃತ್ತಿಯಲ್ಲಿ ಅದನ್ನೇ ತೆಗೆದರು. ಚೈನ್‌ನ ಖಜಾನೆಯಿಂದಲೋ ಫೀ ಗ್ರ್ಯಾಂಟ್‌ನಿಂದಲೋ (ಬೇರೆ ಖಾತೆ ನಿಮ್ಮ ಫೀ ಕಟ್ಟುವ ಏರ್ಪಾಡು) ಹೊಂದಿಸಿಕೊಳ್ಳಬೇಕು.

ಅಲಾರಂಗೆ ಹರ್ಮೀಸ್‌ನ ಟೆಲಿಮೆಟ್ರಿ (ತನ್ನ ಅಂಕಿಅಂಶ) 3001ನೇ ಪೋರ್ಟ್‌ನಲ್ಲಿ ಸಿಗುತ್ತದೆ, ನಿಗಾ ಇಡುವ ಸಾಫ್ಟ್‌ವೇರ್ ಪ್ರೊಮಿಥಿಯಸ್‌ಗೆ ಕೊಡಿ. ವಾಲೆಟ್ ಬ್ಯಾಲೆನ್ಸ್ ಮತ್ತು ಬ್ಯಾಕ್‌ಲಾಗ್, ಇವೆರಡಕ್ಕೆ ಎಚ್ಚರಿಕೆ ಇಟ್ಟರೆ ಸಾಕು. ಬ್ಯಾಕ್‌ಲಾಗ್‌ನಲ್ಲಿ ಎಷ್ಟು ಪ್ಯಾಕೆಟ್ ಎನ್ನುವುದಕ್ಕಿಂತ ಅತಿ ಹಳೆಯದು ಎಷ್ಟು ಹೊತ್ತಿನಿಂದ ಕೂತಿದೆ ಎಂಬುದನ್ನು ನೋಡಿ, 5 ನಿಮಿಷ ದಾಟಿದರೆ ಕೂಗಲಿ. ಸರ್ವರ್‌ಗಳಲ್ಲಿ ಗಡಿಯಾರ ಸರಿಯಿಡುವ ಕ್ರೋನಿ ಓಡುತ್ತಿದೆಯಾ ಎಂದೂ ನೋಡಿಕೊಳ್ಳಿ, ವ್ಯಾಲಿಡೇಟರ್‌ಗಳ ಗಡಿಯಾರ ಮುಂದೆ ಓಡಿದರೆ 'ಹೆಡರ್ ಭವಿಷ್ಯದ್ದು' ಎಂದು ಆ ಕಡೆ ತಿರಸ್ಕಾರವಾಗುತ್ತದೆ. ಕಾನ್ಫಿಗ್‌ನ ಕ್ಲಾಕ್ ಡ್ರಿಫ್ಟ್ (ಗಡಿಯಾರಗಳ ನಡುವೆ ಸಹಿಸುವ ಅಂತರ) ಕ್ಲೈಂಟ್ ಹುಟ್ಟುವಾಗ ಮಾತ್ರ ಅದರೊಳಗೆ ಸೇರುತ್ತದೆ, ಆಮೇಲೆ ಬದಲಿಸಿದರೆ ಹಳೆಯ ಕ್ಲೈಂಟ್‌ಗೆ ತಾಗುವುದಿಲ್ಲ.